ಪಡುವಣ ಗೋಡೆಯ ಎರಡು ಅಂಕೆಗಳು

ನಾನು ಇಪ್ಪತ್ತು ಚಿಲ್ಲರೆ ವರ್ಷ ಮಾಡಿದ ಕೆಲಸ ಎಂಥದ್ದೆಂದು ಹೆಂಡತಿಯ ತವರಿನವರಿಗೆ ಇವತ್ತಿಗೂ ತಿಳಿಸಿ ಹೇಳಲು ಆಗಿಲ್ಲ. ಅಕ್ಕಿ ಗೋದಾಮಿನ ಬಾಗಿಲು ಮುಚ್ಚಿ, ಒಳಗೆ ಗಾಳಿ ತುಂಬಿ, ಆ ಗಾಳಿ ಎಷ್ಟು ಬೇಗ ಸೋರಿಹೋಗುತ್ತದೆ ಎಂದು ಗಡಿಯಾರ ಹಿಡಿದು ಕೂರುವುದು. "ಅದ್ಕೆ ಸರ್ಕಾರ ಸಂಬ್ಳ ಕೊಡ್ತದ್ಯಾ?" ಎಂದು ನನ್ನ ಭಾವ ಮದುವೆ ಮನೆಯಲ್ಲಿ ಎಲ್ಲರ ಎದುರು ಕೇಳಿದ್ದ. ಕುಮಟಾ, ಹೊನ್ನಾವರ, ಭಟ್ಕಳದ ಗೋದಾಮುಗಳಲ್ಲಿ ನನ್ನ ಹೆಸರು ಗಾಳಿ ಸಾಹೇಬ. ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು.

ಕೆಲಸಕ್ಕೆ ಕಾರಣವೇನೋ ಇತ್ತು. ಅಕ್ಕಿಗೆ ಹುಳ ಹಿಡಿದರೆ ಮೂಟೆಗಳ ನಡುವೆ ಗುಳಿಗೆ ಇಡುತ್ತಾರೆ. ಗುಳಿಗೆಯಿಂದ ವಿಷದ ಗ್ಯಾಸು ಹೊರಡುತ್ತದೆ. ಅದು ಐದು ದಿನ ಒಳಗೇ ನಿಂತರೆ ಹುಳ ಸಾಯುತ್ತದೆ. ಗೋದಾಮು ಸೋರಿದರೆ ಹುಳ ಬದುಕುತ್ತದೆ, ಹೊರಗೆ ಸೋರಿದ ಗ್ಯಾಸು ಅಕ್ಕಪಕ್ಕದ ಮನುಷ್ಯರ ಮೂಗಿಗೆ ಹೋಗುತ್ತದೆ. ಆದ್ದರಿಂದ ಗುಳಿಗೆ ಇಡುವ ಮೊದಲು ಗೋದಾಮು ಗಾಳಿ ಹಿಡಿದಿಡುತ್ತದೋ ಇಲ್ಲವೋ ನೋಡಬೇಕು ಎಂದು ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಇಲಾಖೆಗೆ ಹೊಳೆಯಿತು. ಕಾಗಾಲದ ಹೈಸ್ಕೂಲು ಪಾಸಾದ, ಯಾರನ್ನೂ ನಂಬದ ನನ್ನಂಥವನನ್ನು ಅದಕ್ಕೆ ಆರಿಸಿದರು.

ಈಗ ಯಂತ್ರವೇ ಅಂಕೆಯನ್ನು ಮುದ್ರಿಸಿ ಕೊಡುತ್ತದಂತೆ. ಹೊಸದಾಗಿ ಸೇರಿದ ನೀವು ಅದನ್ನು ಹರಿದು ಕಡತಕ್ಕೆ ಅಂಟಿಸಿದರೆ ಆಯಿತಂತೆ. ನನಗೆ ಅದರ ಮೇಲೆ ಅನುಮಾನ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬಿಟ್ಟು ನಾನು ಹೇಳಬೇಕಾದದ್ದು ಒಂದೇ. ಹೊನ್ನಾವರದ ಗೋದಾಮು ನೋಡಿಕೊಳ್ಳುತ್ತಿದ್ದ ದೇವಪ್ಪ ನಾಯ್ಕರು ಒಂಬತ್ತು ವರ್ಷದ ಹಂಗಾಮಿ ನೌಕರಿ ಕಳೆದುಕೊಳ್ಳುವ ಹಂತಕ್ಕೆ ಬಂದದ್ದು ನಾನು ಬರೆದ ಒಂದು ಅಂಕೆಯಿಂದ.

ನಮ್ಮ ಸಾಮಾನು ಒಂದು ಮರದ ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು. ಬಾಗಿಲಿನ ಸಂದಿಗೆ ಕೂರಿಸುವ ಹಲಗೆ, ಅದರ ತೂತಿಗೆ ಗಾಳಿ ಊದುವ ವಿದ್ಯುತ್ ಪಂಖ, ಎರಡು ಕಾಲಿನ ಹಾಗೆ ಬಾಗಿದ ಒಂದು ಗಾಜಿನ ಕೊಳವೆ. ಕೊಳವೆಯಲ್ಲಿ ನೀಲಿ ಶಾಯಿ ಬೆರೆಸಿದ ನೀರು. ಕೊಳವೆಯ ಒಂದು ಬಾಯಿಯಿಂದ ರಬ್ಬರ್ ನಳಿಗೆ ಗೋದಾಮಿನ ಒಳಗೆ ಹೋಗುತ್ತದೆ, ಇನ್ನೊಂದು ಬಾಯಿ ಹೊರಗಿನ ಗಾಳಿಗೆ ತೆರೆದಿರುತ್ತದೆ. ಪಂಖ ಊದಿದಂತೆ ನೀರು ಏರುತ್ತದೆ. ಇಪ್ಪತ್ತು ಮಿಲಿಮೀಟರಿಗೆ ಬಂದಾಗ ಪಂಖ ನಿಲ್ಲಿಸಿ ತೂತು ಮುಚ್ಚಬೇಕು. ನೀರು ಹತ್ತಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೋ ಅದೇ ಅಂಕೆ. ಮೂವತ್ತೈದು ದಾಟಿದರೆ ಪಾಸು. ಈ ಮೂವತ್ತೈದನ್ನು ಯಾರು ಎಲ್ಲಿ ಕೂತು ಗೊತ್ತುಮಾಡಿದರೋ ನನಗೆ ಕೊನೆಗೂ ತಿಳಿಯಲಿಲ್ಲ. ಕೇಳಿದರೆ ಮೇಲಿನವರು ಇನ್ನೂ ಮೇಲಕ್ಕೆ ಕೈ ತೋರಿಸುತ್ತಿದ್ದರು.

ನನ್ನ ಮೇಲಿನವರು ಕುಮಟೆಯ ಕಚೇರಿಯ ಕುಲಕರ್ಣಿ ಸಾಹೇಬರು. ಧಾರವಾಡದ ಕಡೆಯವರು, ಶಿಸ್ತಿನ ಮನುಷ್ಯ. ಅವರಿಗೆ ಆಗದ ಶಬ್ದವೆಂದರೆ 'ಸುಮಾರು'. ನಾನು ಮೊದಲ ವರದಿಯಲ್ಲಿ 'ಸುಮಾರು ನಲವತ್ತು ಸೆಕೆಂಡು' ಎಂದು ಬರೆದಿದ್ದೆ. ಅವರು ಕೆಂಪು ಶಾಯಿಯಲ್ಲಿ ಅದರ ಸುತ್ತ ಒಂದು ಕುಂಬಳಕಾಯಿ ಬರೆದು ನನ್ನನ್ನು ಕರೆಸಿದರು.

"ಏನ್ರೀ ಇದು? ಸುಮಾರು ಅಂದ್ರ ಎಷ್ಟು?"

"ಮೂವತ್ತೆಂಟೂ ಬಂತು, ನಲವತ್ತೆರಡೂ ಬಂತು ಸರ್."

"ಗೋದಾಮು ಒಂದs ಐತಲ್ಲ? ಹಂಗಾದ್ರ ನಂಬರೂ ಒಂದs ಇರಬೇಕು. ಫಾರ್ಮಿನ್ಯಾಗ ಮನಿ ಒಂದs ಐತಿ."

ಫಾರ್ಮಿನಲ್ಲಿ ಅಂಕೆಗೆ ನಿಜವಾಗಿಯೂ ಒಂದೇ ಮನೆ ಇತ್ತು. ಅಲ್ಲಿಂದ ಮುಂದೆ ನಾನು ಒಂದೇ ಸಲ ಅಳೆದು ಒಂದೇ ಅಂಕೆ ಬರೆಯತೊಡಗಿದೆ. ಎರಡು ಸಲ ಅಳೆದವನಿಗೆ ಅಲ್ಲವೇ ತಾಪತ್ರಯ.

ಆಮೇಲೆ ಕುಮಟೆಯಲ್ಲೇ ಒಂದು ಮಾನಗೇಡಿ ಪ್ರಸಂಗ ನಡೆಯಿತು. ಸ್ವತಃ ಕುಲಕರ್ಣಿ ಸಾಹೇಬರು ನೋಡಲು ಬಂದಿದ್ದರು. ನೀರು ಇಪ್ಪತ್ತಕ್ಕೆ ಏರಿತು, ಪಂಖ ನಿಲ್ಲಿಸಿದೆ. ನೀರು ಅಲ್ಲಾಡಲಿಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು, ಐದಾಯಿತು. ಸಾಹೇಬರು "ಭೇಷ್, ಗೋದಾಮ ಅಂದ್ರ ಇದು" ಎಂದು ನನ್ನ ಕೈ ಕುಲುಕಿದರು. ನಾನೂ ಉಬ್ಬಿಹೋಗಿ 'ಅತ್ಯುತ್ತಮ' ಎಂದು ಬರೆದೆ. ಬಾಗಿಲು ತೆರೆದು ಹಮಾಲಿಗಳು ಒಳಗೆ ಹೋಗಿ ಬಂದು ಮಾಡುತ್ತಿದ್ದರು. ಅವರಲ್ಲೊಬ್ಬ ನನ್ನ ಕೊಳವೆಯ ಮುಂದೆ ನಿಂತು, "ಸಾಹೇಬ್ರೆ, ಬಾಗ್ಲ ತೆಗ್ದು ಅರ್ಧ ತಾಸಾತು. ನಿಮ್ಮ ನೀರ್ಗೆ ಇನ್ನೂ ಗುತ್ತಾಗ್ಲಿಲ್ಲ ಕಾಣ್ತದೆ" ಎಂದ. ನೋಡಿದರೆ ನೀರು ಇನ್ನೂ ಇಪ್ಪತ್ತರಲ್ಲೇ ಇದೆ. ರಬ್ಬರ್ ನಳಿಗೆ, ನಾನು ತೂತು ಮುಚ್ಚುವ ಹೊತ್ತಿಗೆ ಬಾಗಿಲ ಅಡಿ ಸಿಕ್ಕಿ, ಜಜ್ಜಿ ಅಂಟಿಹೋಗಿತ್ತು. ನಾನು ಅಳೆದದ್ದು ನಳಿಗೆಯೊಳಗಿನ ಚಿಟಿಕೆ ಗಾಳಿಯನ್ನು. ನಾಚಿಕೆಯಿಂದ ಎರಡು ದಿನ ನನಗೆ ಊಟ ಸೇರಲಿಲ್ಲ.

ಆ ಪೆಟ್ಟಿನಿಂದ ನಾನು ತಪ್ಪು ಪಾಠ ಕಲಿತೆ. ಒಳ್ಳೆಯ ಅಂಕೆ ಬಂದರೆ ಅನುಮಾನಪಡಬೇಕು ಎಂದು ಕಲಿತೆ. ಒಳ್ಳೆಯ ಅಂಕೆ ಬಂದಾಗಲೆಲ್ಲ ನಳಿಗೆ ತಡವುತ್ತಿದ್ದೆ, ಗೋಡೆ ತಟ್ಟುತ್ತಿದ್ದೆ, ಗೋದಾಮಿನವರ ಮುಖ ನೋಡುತ್ತಿದ್ದೆ. ಕೆಟ್ಟ ಅಂಕೆ ಬಂದರೆ ಮಾತ್ರ ಅದನ್ನು ಹಾಗೆಯೇ ನಂಬುತ್ತಿದ್ದೆ. ಕೆಟ್ಟ ಅಂಕೆಯೂ ಸುಳ್ಳು ಹೇಳಬಹುದೆಂದು ನನಗೆ ತೋಚಲೇ ಇಲ್ಲ.

ಹೊನ್ನಾವರಕ್ಕೆ ಹೋದದ್ದು ಮೇ ತಿಂಗಳ ಕೊನೆಯಲ್ಲಿ. ಇಡಗುಂಜಿಗೆ ಹೋಗುವವರಿಂದ ಬಸ್ಸು ತುಂಬಿತ್ತು. ಕೊಳವೆ ಒಡೆಯದ ಹಾಗೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಹೋಗುವ ಮೊದಲೇ ಕುಲಕರ್ಣಿ ಸಾಹೇಬರು ಕಿವಿ ಊದಿದ್ದರು. ಹಿಂದಿನ ಸಲ ಗುಳಿಗೆ ಇಟ್ಟರೂ ಆ ಗೋದಾಮಿನಲ್ಲಿ ಹುಳ ಸತ್ತಿರಲಿಲ್ಲ. ಒಂದೋ ಗೋದಾಮು ಸೋರುತ್ತದೆ, ಅದನ್ನು ದೇವಪ್ಪ ನಾಯ್ಕ ಮುಚ್ಚಿಟ್ಟಿದ್ದಾನೆ. ಇಲ್ಲವೇ ಐದು ದಿನ ಆಗುವ ಮೊದಲೇ ಬಾಗಿಲು ತೆರೆದಿದ್ದಾನೆ. ಎರಡರಲ್ಲಿ ಯಾವುದಾದರೂ ಅವನ ಹಂಗಾಮಿ ನೌಕರಿ ಮುಗಿಯಿತು.

ದೇವಪ್ಪ ನಾಯ್ಕರು ನನಗಿಂತ ಹದಿನೈದು ವರ್ಷ ದೊಡ್ಡವರು. ಗೋದಾಮಿಗೇ ತಾಗಿಕೊಂಡ ಒಂದು ಕೋಣೆಯಲ್ಲಿ ಹೆಂಡತಿ ಮತ್ತು ಮುದಿ ತಾಯಿಯ ಜೊತೆ ಇದ್ದರು. ನಾನು ಮೊದಲು ನೋಡಿದ್ದು ಅವರನ್ನಲ್ಲ, ಪಡುವಣ ಗೋಡೆಯನ್ನು. ನೆಲದಿಂದ ಸೂರಿನವರೆಗೆ ಹೆಣೆದ ತೆಂಗಿನ ಗರಿಯ ತಟ್ಟಿಗಳನ್ನು ಕಟ್ಟಿ ಗೋಡೆಯೇ ಕಾಣದ ಹಾಗೆ ಮಾಡಿದ್ದರು.

"ಇದೆಂತಕೆ ನಾಯ್ಕರೆ?"

"ಮಳೆ ಬಡೀತದಲ. ಪಡುವಣ ಗೋಡೆ ನೆನೆದ್ರೆ ಒಳಗಿನ ಮೂಟೆ ಬೂಸ್ಟು ಹಿಡೀತದೆ. ವರ್ಸಾ ಕಟ್ತೆ."

"ಮಳೆ ಬರೂಕೆ ಇನ್ನೂ ಹದಿನೈದು ದಿವಸ ಅದೆಯಲ."

"ಹದಿನೈದ್ ದಿವಸ ಅದೆ ಅಂದಿ ಕೂತ್ರೆ ಆತು ಕತೆ."

ನಮ್ಮ ಕರಾವಳಿಯಲ್ಲಿ ಮಳೆಗೆ ಮೊದಲು ತಟ್ಟಿ ಕಟ್ಟದ ಮನೆ ಯಾವುದು? ನಮ್ಮ ಮನೆಗೂ ಅಪ್ಪ ಕಟ್ಟುತ್ತಿದ್ದ. ಅದೆಲ್ಲ ಗೊತ್ತಿದ್ದೂ ನಾನು ಒಳಗೊಳಗೇ, ಇನ್ಸ್‌ಪೆಕ್ಷನ್ನಿಗೆ ಸರಿಯಾಗಿ ಕಟ್ಟಿದ್ದಾನೆ, ಎಂದುಕೊಂಡೆ.

ಪೆಟ್ಟಿಗೆ ಬಿಚ್ಚಿ, ತಟ್ಟಿಯ ಮರೆಯಲ್ಲಿ ಗೋಡೆಗೆ ಕೊಳವೆ ತೂಗುಹಾಕಿ ಅಳೆದೆ. ನಲವತ್ತೊಂದು ಬಂತು. ಪಾಸು. ದೇವಪ್ಪ ನಾಯ್ಕರ ಮುಖ ಅರಳಿತು. ಆ ಅರಳಿದ ಮುಖ ನೋಡಿಯೇ ನನಗೆ ಅನುಮಾನ ಗಟ್ಟಿಯಾಯಿತು. ತಟ್ಟಿ ತೆಗೆಸಿರಿ ಎಂದೆ. ಅವರು ತೆಗೆಯಲಿಲ್ಲ. ನಾನೇ ಕತ್ತಿ ತೆಗೆದುಕೊಂಡು ಕಟ್ಟು ಕೊಯ್ದು ಒಂದೊಂದನ್ನೇ ಎಳೆದು ಹಾಕಿದೆ. ಹಿಂದೆ ಗೋಡೆ ಸಪಾಟಾಗಿ, ಹೊಸದಾಗಿ ಸುಣ್ಣ ಬಳಿದುಕೊಂಡು ನಿಂತಿತ್ತು. ಒಂದು ಬಿರುಕೂ ಇರಲಿಲ್ಲ. ನನ್ನ ಬುದ್ಧಿ ನೋಡಿ: ಬಿರುಕು ಸಿಗದಿದ್ದರೆ ಅನುಮಾನ ಬಿಡಬೇಕಾಗಿತ್ತು, ನಾನು ಸುಣ್ಣ ಯಾಕೆ ಬಳಿದಿದ್ದಾನೆ ಎಂದು ಯೋಚಿಸತೊಡಗಿದೆ.

ಊಟ ಮುಗಿಸಿ ಮಧ್ಯಾಹ್ನ ಮತ್ತೆ ಅಳೆದೆ. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಎದ್ದಿತ್ತು, ಮೋಡವೂ ಕಟ್ಟುತ್ತಿತ್ತು. ನೀರು ಕುಣಿಯುತ್ತ ಇಳಿಯಿತು. ಹತ್ತನ್ನು ಮೊದಲ ಸಲ ಮುಟ್ಟಿದ ಕ್ಷಣ ಗಡಿಯಾರ ಒತ್ತಿದೆ. ಇಪ್ಪತ್ತೊಂಬತ್ತು.

"ಈಗ ಪಡುವಣ ಗಾಳಿ ಎದ್ದದೆ ಸಾಹೇಬ್ರೆ, ಅದ್ಕೇಯ" ಎಂದರು ದೇವಪ್ಪ ನಾಯ್ಕರು.

"ಗಾಳಿ ಎದ್ದರೆ ಒಳಗಿನ ಗಾಳಿ ಎಂತಕೆ ಬೇಗ ಸೋರಬೇಕು? ಗೋಡೇಲಿ ತೂತು ಇದ್ರೆ ಮಾತ್ರ."

ಅವರು ಫಾರ್ಮಿನ ಕಡೆ ಕೈ ತೋರಿಸಿದರು. "ಬೆಳಿಗ್ಗೆ ಬಂದದ್ನೂ ಬರೀರಿ. ಎರಡೂ ನೀವೇ ಅಳ್ದದ್ದಲ" ಎಂದರು. ಫಾರ್ಮಿನಲ್ಲಿ ಒಂದೇ ಮನೆ ಇದೆ ಎಂದು ನಾನು ಕುಲಕರ್ಣಿ ಸಾಹೇಬರ ಧಾಟಿಯಲ್ಲೇ ಹೇಳಿ ಇಪ್ಪತ್ತೊಂಬತ್ತು ಬರೆದೆ. ಷರಾ ಕಾಲಮ್ಮಿನಲ್ಲಿ 'ತಪಾಸಣೆಗೆ ಮುನ್ನ ಗೋಡೆಯನ್ನು ಮರೆಮಾಡಲಾಗಿತ್ತು' ಎಂದು ಸೇರಿಸಿದೆ. ಎಂಟು ದಿನದೊಳಗೆ ಅವರಿಗೆ ಆದೇಶ ಹೋಯಿತು: ತಿಂಗಳ ಕೊನೆಗೆ ಗೋದಾಮಿನ ಚಾರ್ಜು ಬಿಟ್ಟುಕೊಡಬೇಕು, ಕೋಣೆಯನ್ನೂ ಖಾಲಿ ಮಾಡಬೇಕು.

ಮುಂದಿನ ಪರೀಕ್ಷೆ ಭಟ್ಕಳದಲ್ಲಿ. ಅಲ್ಲಿನ ಗೋದಾಮು ನೋಡಿಕೊಳ್ಳುತ್ತಿದ್ದವರು ಇಸ್ಮಾಯಿಲ್ ಸಾಹೇಬರು. ಮನೆಯಲ್ಲಿ ನವಾಯತಿ ಮಾತು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಉರ್ದು. ಯಾರನ್ನೂ ನಂಬದ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಹೊನ್ನಾವರದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ದುಬೈಯಿಂದ ಬಂದ ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಗಡಿಯಾರದ ಪಕ್ಕ ಇಟ್ಟರು. "ನೀವು ನಿಮ್ಮದು ನೋಡಿ, ನಾನು ನಮ್ಮದು ನೋಡ್ತೇನೆ" ಎಂದರು.

ಅದು ತಗಡಿನ ಮಾಡಿನ ಗೋದಾಮು. ನೀರನ್ನು ಇಪ್ಪತ್ತಕ್ಕೆ ಏರಿಸಿ ಪಂಖ ನಿಲ್ಲಿಸಿದೆ. ಹದಿನೇಳಕ್ಕೆ ಇಳಿದ ನೀರು ಅಲ್ಲಿ ನಿಂತು, ಮೆಲ್ಲಗೆ ಹದಿನೆಂಟಕ್ಕೆ ಏರಿತು. ಪಂಖ ನಿಂತಿದೆ, ಬಾಗಿಲು ಮುಚ್ಚಿದೆ, ಆದರೂ ನೀರು ಏರುತ್ತಿದೆ. ನನಗೆ ಮೈಯೆಲ್ಲ ಉರಿಯಿತು. ಒಳಗೆ ಯಾರನ್ನೋ ಬಿಟ್ಟು ಗಾಳಿ ಊದಿಸುತ್ತಿದ್ದಾರೆ ಎಂದು ಬಾಗಿಲಿಗೆ ಗುದ್ದಿ, "ಯಾರದು ಒಳಗೆ? ಹೊರಗೆ ಬನ್ನಿ" ಎಂದು ಕೂಗಿದೆ.

"ಒಳಗೆ ಅಕ್ಕಿ ಉಂಟು ಸಾಹೇಬ್. ಕರೆದರೆ ಬರುವುದಿಲ್ಲ" ಎಂದರು ಇಸ್ಮಾಯಿಲ್ ಸಾಹೇಬರು.

ನಾನು ನಂಬಲಿಲ್ಲ. ಬಾಗಿಲು ತೆರೆಸಿ ಮೂಟೆಗಳ ಸಂದಿಯಲ್ಲೆಲ್ಲ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಒಳಗೆ ಬೇಯುತ್ತಿತ್ತು. ಮೇಲಿನಿಂದ ತಗಡು ಟಕಟಕ ಸದ್ದು ಮಾಡುತ್ತಿತ್ತು. ಮೋಡ ಸರಿದು ಬಿಸಿಲು ಬಿದ್ದ ಕೂಡಲೇ ತಗಡು ಕಾದಿತ್ತು, ಒಳಗಿನ ಗಾಳಿ ಹಿಗ್ಗಿತ್ತು. ಮತ್ತೆ ಅಳೆದಾಗ ಬಿಸಿಲಿಗೆ ಮೋಡ ಅಡ್ಡ ಬಂತು, ನೀರು ದಡಕ್ಕನೆ ಇಳಿಯಿತು. ಗೋದಾಮು ಅದೇ, ಕೊಳವೆ ಅದೇ, ಅಳೆದವನೂ ನಾನೇ. ಅಂಕೆಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು.

ಇಸ್ಮಾಯಿಲ್ ಸಾಹೇಬರು ಕೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಗಾಳಿ ಬೀಸಿದಾಗಲೆಲ್ಲ ನೀರು ಹಾರುತ್ತಿತ್ತು. ಅವರು ತಮ್ಮ ಕೊಡೆ ಬಿಚ್ಚಿ ಕೊಳವೆಯ ಹೊರಬಾಯಿಗೆ ಅಡ್ಡ ಹಿಡಿದರು. ನೀರು ಎರಡು ಮಿಲಿಮೀಟರಿನಷ್ಟು ಮೇಲೆ ಬಂತು. ಕೊಡೆ ತೆಗೆದರು, ಇಳಿಯಿತು.

"ಗಾಳಿ ಗೋದಾಮಿನೊಳಗೆ ಹೋಗುವುದು ಬೇಡ ಸಾಹೇಬ್, ನಿಮ್ಮ ಕೊಳವೆಯ ಬಾಯಿಗೆ ಹೊಕ್ಕರೆ ಸಾಕು" ಎಂದರು.

ಹೊನ್ನಾವರದಲ್ಲಿ ಆ ತಟ್ಟಿಗಳೇ ನನ್ನ ಕೊಳವೆಗೆ ಹಿಡಿದ ಕೊಡೆಯಾಗಿದ್ದವು. ಅವನ್ನು ಕೊಯ್ದು ಹಾಕಿದವನು ನಾನು. ಅದೇ ಜಾಗದಲ್ಲಿ, ಕಡಲ ಗಾಳಿಗೆ ಎದುರಾಗಿ ಕೊಳವೆ ತೂಗುಹಾಕಿ, ಗಾಳಿಯ ಒಂದು ಹೊಡೆತಕ್ಕೆ ನೀರು ಹತ್ತನ್ನು ಮುಟ್ಟಿದ ಕ್ಷಣವೇ ಗಡಿಯಾರ ಒತ್ತಿದವನೂ ನಾನು. ಇಪ್ಪತ್ತೊಂಬತ್ತನ್ನು ಹುಟ್ಟಿಸಿದ್ದು ನನ್ನ ಅನುಮಾನ.

ಮುಂದಿನ ಭಾನುವಾರ ಯಾರ ಅಪ್ಪಣೆಯೂ ಇಲ್ಲದೆ ಪೆಟ್ಟಿಗೆ ಹೊತ್ತು ಹೊನ್ನಾವರಕ್ಕೆ ಹೋದೆ. ದೇವಪ್ಪ ನಾಯ್ಕರು ಬಾಗಿಲಲ್ಲೇ ಅಡ್ಡ ನಿಂತರು.

"ಇನ್ನೆಂತ ಬೇಕು?"

"ಮತ್ತೆ ಅಳಿಬೇಕು. ನಾನು ಅಳ್ದದ್ದು ತಪ್ಪಾಗದೆ. ತಟ್ಟಿ ಕಟ್ಟಿ ಒಂದ್ಸಲ, ಬಿಚ್ಚಿ ಒಂದ್ಸಲ ನೋಡ್ಬೇಕು."

"ಬಿಚ್ಚಿದ್ದು ನೀವು. ಕಟ್ಟೂದೂ ನೀವೇ."

ಕಟ್ಟಿದೆ. ಅಂಗೈ ಸುಲಿದುಹೋಯಿತು. ಅವರು ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತ ನೋಡುತ್ತಿದ್ದರು, ಕೈ ಹಚ್ಚಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಸಲ ಅಳೆದೆ. ಕಡಿಮೆ ಬಂದದ್ದು ಇಪ್ಪತ್ತೆಂಟು, ಹೆಚ್ಚು ಬಂದದ್ದು ನಲವತ್ತನಾಲ್ಕು. ಉಳಿದವೆಲ್ಲ ನಡುವೆ.

"ಹಾಂಗಾರೆ ಪಾಸಾತಾ?" ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. ಅಳೆಯುವವನ ಬಾಯಿಂದ ಆ ಮಾತು ಅವರು ನಿರೀಕ್ಷಿಸಿರಲಿಲ್ಲ. ಎದ್ದು ಒಳಗೆ ಹೋದರು.

ಸೋಮವಾರ ಕುಲಕರ್ಣಿ ಸಾಹೇಬರ ಮುಂದೆ ಹತ್ತೂ ಅಂಕೆ ಬರೆದ ಹಾಳೆ ಇಟ್ಟು, ಬೆಳಗಿನ ನಲವತ್ತೊಂದನ್ನು ಬಿಟ್ಟದ್ದು, ತಟ್ಟಿ ಕೊಯ್ದದ್ದು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಪೆನ್ಸಿಲ್ ತೆಗೆದು ಕೂಡಿಸಿ ಹತ್ತರಿಂದ ಭಾಗಿಸಿದರು.

"ಸರಾಸರಿ ಮೂವತ್ತಾರು. ಪಾಸ್."

"ಸರ್, ಮೂವತ್ತಾರು ಅಂದರೆ ಮೂವತ್ತಾರೇ ಅಂತ ಅಲ್ಲ. ಅದು ಇಪ್ಪತ್ತೆಂಟೂ ಇರಬಹುದು..."

"ನಿಮಗ ಆ ಮನಷ್ಯಾ ಉಳೀಬೇಕೋ ಬ್ಯಾಡೋ?"

ಉಳಿಯಬೇಕಾಗಿತ್ತು. ಮೂವತ್ತಾರು ಎಂದು ಬರೆದ ಹೊಸ ಫಾರ್ಮಿಗೆ ಸಹಿ ಹಾಕಿದೆ. ಚಾರ್ಜು ಬಿಡಬೇಕೆಂಬ ಆದೇಶ ರದ್ದಾಯಿತು. ಅದರ ಜೊತೆಗೇ ಇನ್ನೊಂದು ಕಾಗದ: ಗೋದಾಮು ಪಾಸಾದ್ದರಿಂದ ಬರುವ ಸೋಮವಾರ ಗುಳಿಗೆ ಇಡತಕ್ಕದ್ದು. ಎರಡನ್ನೂ ನಾನೇ ಒಯ್ದು ಕೊಟ್ಟೆ. ತಪ್ಪು ತೊಳೆದುಕೊಂಡ ಹಗುರದಲ್ಲಿ, ಪೆಟ್ಟಿಗೆ ಹೊತ್ತೇ, ಹೊಳೆಯ ಗಾಳಿ ಕುಡಿಯುತ್ತ ನಡೆದುಹೋದದ್ದು ನೆನಪಿದೆ.

ದೇವಪ್ಪ ನಾಯ್ಕರು ಮೊದಲ ಕಾಗದ ಓದಿ ಮಡಚಿದರು. ಎರಡನೆಯದನ್ನು ಎರಡು ಸಲ ಓದಿದರು.

"ಸಾಹೇಬ್ರೆ, ನೀವು ಗೋಡೆ ಹನ್ನೆರಡು ಸಲ ಅಳದ್ರಿ. ನಾನು ಬಾಗ್ಲ ತೆಗ್ದೆನೋ ಇಲ್ವೋ ಅಂದಿ ನನ್ನ ಒಂದ್ಸಲನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ನಿಜಕ್ಕೂ ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ ಎಂಬ ತೀರ್ಮಾನಕ್ಕೆ ಬಸ್ಸು ಹತ್ತುವ ಮೊದಲೇ ಬಂದಿದ್ದೆ. "ತೆಗ್ದಿದ್ರಾ?" ಎಂದೆ.

"ತೆಗ್ದಿದ್ದೆ. ಮೂರನೇ ದಿವಸ. ಕೋಣೆಗೆ ಬೆಳ್ಳುಳ್ಳಿ ಕೊಳ್ತ ನಮ್ನಿ ವಾಸ್ನೆ ಬಂತು. ಅಬ್ಬೆಗೆ ಉಸ್ರು ಕಟ್ತು, ಕಣ್ಣು ಮೇಲೆ ಮಾಡ್ತು. ನಾ ಎಂತ ಮಾಡೂದು? ಬಾಗ್ಲ ತೆಗ್ದು ಗಾಳಿ ಬಿಟ್ಟೆ. ಹೇಳಿದ್ರೆ ನೌಕ್ರಿ ಹೋಗ್ತಿತ್ತು. ಈಗ ಸೋಮಾರ ಮತ್ತೆ ಇಡ್ತ್ರಿ ಅಂದ್ರೆ ನೌಕ್ರಿ ಹೋದ್ರೂ ಹೋಗ್ಲಿ ಅಂದಿ ಹೇಳ್ತೆ."

ನಾನು ಮೊದಲ ಸಲ ಆ ಕೋಣೆಯೊಳಗೆ ಹೋದೆ. ತಾಯಿ ಚಾಪೆಯ ಮೇಲೆ ಗೋದಾಮಿನ ಗೋಡೆಗೆ ತಲೆ ಕೊಟ್ಟು ಮಲಗಿದ್ದರು. ಅದು ಪಡುವಣ ಗೋಡೆಯಲ್ಲ, ಮೂಡಣ ಗೋಡೆ. ನಾನು ಅದನ್ನು ತಿರುಗಿಯೂ ನೋಡಿರಲಿಲ್ಲ. "ಅಮ್ಮ, ವಾಸನೆ ಎಲ್ಲಿಂದ ಬಂತು?" ಎಂದು ಕೇಳಿದೆ. ಅವರು ಮಲಗಿದಲ್ಲಿಂದಲೇ ಕೈಯೆತ್ತಿ ಸೂರಿನ ಮೂಲೆ ತೋರಿಸಿದರು.

"ಅಲ್ಲಿ. ಗಾಳಿಯೂ ಬತ್ತದೆ ಒಂದೊಂದ್ಸಲ. ಮುಖಕ್ಕೆ ತಾಗ್ತದೆ."

ತಾಯಿಯನ್ನು ಹೊರಗೆ ಜಗುಲಿಗೆ ಕರೆತಂದೆವು. ಗೋದಾಮಿಗೆ ಗಾಳಿ ತುಂಬಿ, ಏಣಿ ಹತ್ತಿ ಆ ಮೂಲೆಗೆ ಊದುಬತ್ತಿ ಹಿಡಿದೆ. ಹೊಗೆ ಒಂದೇ ಗೆರೆಯಾಗಿ ಕೋಣೆಯೊಳಗೆ ನುಗ್ಗಿತು. ಗೋಡೆ ಮಾಡಿಗೆ ಸೇರುವಲ್ಲಿ ನನ್ನ ನಾಲ್ಕು ಬೆರಳು ಹೋಗುವಷ್ಟು ಸಂದು ಇತ್ತು. ಕೆಳಗೆ ದೇವಪ್ಪ ನಾಯ್ಕರು ಏಣಿ ಹಿಡಿದು ನಿಂತಿದ್ದರು.

ಅಂದೇ ಕುಮಟೆಗೆ ಹೋಗಿ ಮೂರನೆಯ ವರದಿ ಬರೆದೆ. ಮೂಡಣ ಗೋಡೆಯ ಸಂದನ್ನು ಪರೀಕ್ಷಕನು ಎರಡು ಸಲವೂ ನೋಡದೆ ಬಿಟ್ಟಿದ್ದಾನೆ, ಸರಾಸರಿಯನ್ನು ಕೈಬಿಡಬೇಕು, ಬಂದ ಅಂಕೆಗಳಲ್ಲಿ ಅತಿ ಕಡಿಮೆಯದನ್ನೇ ನಿಜವೆಂದು ಹಿಡಿಯಬೇಕು, ಸಂದು ಮುಚ್ಚಿ ಕೋಣೆ ತೆರವಾಗುವವರೆಗೆ ಗುಳಿಗೆ ಇಡಬಾರದು. ಮೂರನೇ ದಿನದ ಬಾಗಿಲಿನ ವಿಷಯ ಬರೆಯಲಿಲ್ಲ. ಅದನ್ನು ನಾನು ಅಳೆದಿರಲಿಲ್ಲ. ಕುಲಕರ್ಣಿ ಸಾಹೇಬರು ಓದಿ, "ಪರೀಕ್ಷಕ ಅಂದ್ರ ನೀವs ಅಲ್ರೀ?" ಎಂದರು. ಹೌದು ಎಂದೆ. ನನಗೆ ಮೆಮೊ ಬಂತು. ದೇವಪ್ಪ ನಾಯ್ಕರು ಉಳಿದರು. ಅವರ ಮನೆಯವರಿಗೆ ಗೋದಾಮಿನಿಂದ ದೂರ ಬೇರೆ ಕೋಣೆ ಕೊಟ್ಟರು.

ಅಂಕೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂದು ಬರೆಯಲು ಈಗ ನಿಮ್ಮ ಫಾರ್ಮಿನಲ್ಲಿ ಬೇರೆ ಮನೆಯೇ ಇದೆಯಂತೆ. ಬಹಳ ಒಳ್ಳೆಯದು, ಅದನ್ನು ಖಾಲಿ ಬಿಡಬೇಡಿ. ನನ್ನ ಇಪ್ಪತ್ತೊಂಬತ್ತರಿಂದ ಒಬ್ಬ ಮನುಷ್ಯನ ಅನ್ನ ಹೋಗುತ್ತಿತ್ತು, ಅದಕ್ಕಾಗಿ ನಾನು ಎಷ್ಟೋ ಜನರ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ. ಮೂವತ್ತಾರರ ವಿಷಯ ಮಾತ್ರ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅದು ಸಂಶಯದಿಂದ ಬರೆದದ್ದಲ್ಲ, ಒಳ್ಳೆಯದಾಗಲಿ ಎಂದು ಬರೆದದ್ದು. ಮಗ ಬಾಯಿ ಬಿಡದೆ ಇದ್ದಿದ್ದರೆ, ಆ ಸಂದಿನ ಕೆಳಗೆ ತಲೆ ಕೊಟ್ಟು ಮಲಗಿದ್ದ ಮುದುಕಿ ಆ ಸೋಮವಾರ ನನ್ನ ಸಹಿಯ ಮೇಲೆ ಸಾಯುತ್ತಿದ್ದಳು.